ಮೂವತ್ತೊಂದನೇ ಪುಟದ ಅಪವಾದ

ಕಾನೂನು ಕಾಲೇಜಿನ ಎದುರಿನ ಅಂಗಡಿಯವನಿಗೆ ಕಾನೂನೆಂದರೆ ಪುಟಗಳು. ಸಂವಿಧಾನ ನೂರ ಅರವತ್ತು ಪುಟ, ಅಪರಾಧ ಕಾನೂನು ನೂರ ಹನ್ನೆರಡು, ಕೌಟುಂಬಿಕ ಕಾನೂನು ತೊಂಬತ್ತು, ಕರಾರು ಕಾನೂನು ಎಂಬತ್ತೆಂಟು. ಇಪ್ಪತ್ತೆರಡು ವರ್ಷಗಳಿಂದ ನಕಲು ತೆಗೆದು ತೆಗೆದು, ಕಟ್ಟನ್ನು ಅಂಗೈ ಮೇಲೆ ಇಟ್ಟುಕೊಂಡರೆ ಒಂದು ಹಾಳೆ ಕಡಿಮೆಯಿದ್ದರೂ ಹೇಳಿಬಿಡುತ್ತಿದ್ದ. ವಿದ್ಯಾರ್ಥಿಗಳಿಗೆಲ್ಲ ಅವನು ಜೆರಾಕ್ಸಣ್ಣ. ಅವನ ನೋಟ್ಸು ಓದಿದರೆ ಪಾಸು ಎಂಬ ಮಾತು ಹೊಸ ಬ್ಯಾಚಿಗೆ ಹಳೆಯ ಬ್ಯಾಚಿನಿಂದ ಬರುತ್ತಿತ್ತು. ಅವನು ಬೋರ್ಡು ಬರೆಸಬೇಕಾಗಿ ಬಂದಿರಲಿಲ್ಲ.

ನಲವತ್ತೇಳನೆಯ ವಯಸ್ಸಿನಲ್ಲಿ ಅವನೇ ರಸ್ತೆ ದಾಟಿ ಕಾಲೇಜಿಗೆ ಸೇರಿದ. ಹಳೆಯದೊಂದು ಬಿ.ಎಸ್ಸಿ. ಪದವಿ ಇತ್ತು. ತರಗತಿ ಬೆಳಗ್ಗೆ ಏಳರಿಂದ ಹತ್ತೂವರೆಯವರೆಗೆ, ಅಂಗಡಿ ತೆಗೆಯುವುದು ಹನ್ನೊಂದಕ್ಕೆ. ಯಾಕೆ ಸೇರಿದಿರಿ ಎಂದು ಯಾರಾದರೂ ಕೇಳಿದರೆ, "ಇಷ್ಟು ವರ್ಷ ಬರೀ ಮುಖ ನೋಡಿದ್ದಾಯ್ತು, ಈಗ ಪರಿಚಯ ಮಾಡ್ಕೊಳ್ಳೋಣ ಅಂತ" ಎನ್ನುತ್ತಿದ್ದ.

ಎರಡನೆಯ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದವಳು ಮೂರನೆಯ ವರ್ಷದ ಹುಡುಗಿ. ಕರಾರು ಪತ್ರಿಕೆಯಲ್ಲಿ ಎರಡು ಅಂಕ ಸಾಲದೆ ಫೇಲಾಗಿ, ಅದೊಂದಕ್ಕಾಗಿ ಮೊದಲ ವರ್ಷದವರ ಜೊತೆ ಬಂದು ಕೂರುತ್ತಿದ್ದಳು. ಎಲ್ಲರೂ ಅವಳನ್ನು ಸೀನಿಯರ್ ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕುಹಕ ಎಷ್ಟು ಎಂಬುದು ಅವಳಿಗೂ ಗೊತ್ತಿತ್ತು.

ಅಂದು ಕರಾರು ಮೇಡಂ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಂಚಿದರು. ಜೆರಾಕ್ಸಣ್ಣನ ಮೂರನೆಯ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಪವಾದ ಎಲ್ಲಿ?' ಎಂದಿತ್ತು. ಸೀನಿಯರ್ ಉತ್ತರದಲ್ಲೂ ಅದೇ. ಹಿಂದಿನ ಬೆಂಚಿನವರದರಲ್ಲೂ ಅದೇ.

"ಮೂವತ್ತೆಂಟು ಜನ ಇದ್ದೀರಿ, ಒಬ್ಬರಾದ್ರೂ ಬರೀಬಾರ್ದಾ?" ಎಂದರು ಮೇಡಂ. "ಎಂಟೊಂಬತ್ತು ವರ್ಷದಿಂದ ಇದೇ ಗೋಳು. ನಿಯಮ ಚಕಚಕ ಅಂತ ಬರೀತೀರಿ. ಅಪವಾದದ ಹತ್ರ ಬಂದ್ರೆ ಎಲ್ಲರ ಪೆನ್ನೂ ಒಟ್ಟಿಗೇ ಒಣಗುತ್ತೆ."

"ಅಪವಾದ ಯಾಕೆ ಹೊತ್ಕೋಬೇಕು ಅಂತ, ಮೇಡಂ" ಎಂದಿತು ಹಿಂದಿನ ಬೆಂಚು. ತರಗತಿ ನಕ್ಕಿತು. ಮೇಡಂ ನಗಲಿಲ್ಲ, ಆದರೆ ಬೈಯಲೂ ಇಲ್ಲ. ಮತ್ತೊಮ್ಮೆ ಬಿಡಿಸಿ ಹೇಳಿದರು. ತಪ್ಪು ಮಾಹಿತಿ ನಂಬಿ ಕರಾರಿಗೆ ಒಪ್ಪಿದವನು ಆಮೇಲೆ ಬೇಡವೆನ್ನಬಹುದು, ಇದು ನಿಯಮ. ಆದರೆ ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ಅವನಿಗೇ ತಿಳಿಯುವಂತಿತ್ತು ಎಂದಾದರೆ, ಹಾಗೆ ಬೇಡವೆನ್ನುವಂತಿಲ್ಲ, ಇದು ಅಪವಾದ. "ಟ್ಯಾಂಕಿಗೆ ಸಾವಿರ ಲೀಟರ್ ಹಿಡಿಯುತ್ತೆ ಅಂತ ಮಾರಿದವನು ಹೇಳಿದ. ಟ್ಯಾಂಕಿನ ಹೊಟ್ಟೆ ಮೇಲೇ ಎಂಟುನೂರು ಅಂತ ಬರೆದಿದೆ. ಕೊಂಡವನು ಕತ್ತೆತ್ತಿ ನೋಡ್ಬೇಕಿತ್ತೋ ಬೇಡ್ವೋ?"

ಜೆರಾಕ್ಸಣ್ಣನ ಕಿವಿಯಲ್ಲಿ ಉಳಿದದ್ದು ಟ್ಯಾಂಕಲ್ಲ, ಎಂಟೊಂಬತ್ತು ವರ್ಷ ಎಂಬ ಮಾತು. ಅವನ ಹೊಸ ಯಂತ್ರಕ್ಕೆ ಈಗ ಒಂಬತ್ತು ವರ್ಷ.

ಹನ್ನೊಂದಕ್ಕೆ ಷಟರ್ ಎತ್ತಿದವನು ಯಂತ್ರ ಬಿಸಿಯಾಗುವಷ್ಟರಲ್ಲಿ ಕರಾರು ನೋಟ್ಸಿನ ಒಂದು ಕಟ್ಟು ತೆಗೆದು ಆ ನಿಯಮವಿದ್ದ ಮೂವತ್ತೊಂದನೇ ಪುಟ ನೋಡಿದ. ನಿಯಮ ಅಲ್ಲಿಗೆ ಮುಗಿದಿತ್ತು, ಪೂರ್ಣವಿರಾಮದ ಸಮೇತ. ಮೂವತ್ತೆರಡನೇ ಪುಟದಲ್ಲಿ ಹೊಸ ಶೀರ್ಷಿಕೆ. ಎಲ್ಲೂ ಏನೂ ತಪ್ಪಿದಂತೆ ಕಾಣಲಿಲ್ಲ. ಬೀರುವಿನ ತಳದ ಖಾನೆಯಿಂದ ಮೂಲಪ್ರತಿಯನ್ನು ಹೊರಗೆ ತೆಗೆದ. ಎಂದೋ ಓದಿಹೋದ ವಿದ್ಯಾರ್ಥಿಯೊಬ್ಬನ ಕೈಬರಹ. ಇರುವೆ ಸಾಲಿನಂಥ ಅಕ್ಷರ. ಉಳಿದ ಪುಟಗಳಲ್ಲಿ ಅಂಚು ಬಿಟ್ಟಿದ್ದವನು ಈ ವಿಷಯವನ್ನು ಇದೇ ಪುಟದಲ್ಲಿ ಮುಗಿಸುವ ಹಟದಲ್ಲಿ ಕೆಳಗಿನ ಅಂಚಿನವರೆಗೂ ಬರೆದಿದ್ದ. ಆ ಅಂಚಿನಲ್ಲಿ, ಕೊನೆಯ ಎರಡು ಸಾಲುಗಳಲ್ಲಿ, ಅಪವಾದ ಕೂತಿತ್ತು.

ಆದರೂ ಅವನು ತಕ್ಷಣ ಯಂತ್ರದ ಮೇಲೆ ತಪ್ಪು ಹೊರಿಸಲಿಲ್ಲ. ಬಿಳಿ ಹಾಳೆಯೊಂದರ ಕೆಳಗಿನ ಅಂಚಿನಿಂದ ಮಿಲಿಮೀಟರಿಗೊಂದರಂತೆ ಹತ್ತು ಗೆರೆ ಎಳೆದು, ಗಾಜಿನ ಮೇಲಿಟ್ಟು ನಕಲು ತೆಗೆದ. ಆರು ಗೆರೆ ಬಂದವು. ಹಾಳೆ ಬದಲಿಸಿ ಮತ್ತೆ ತೆಗೆದ, ಆರೇ. ಮೂರನೆಯ ಸಲವೂ ಆರೇ ಬಂದಾಗ ಸ್ಟೂಲಿನ ಮೇಲೆ ಕೂತ. ನಾಲ್ಕು ಮಿಲಿಮೀಟರ್. ಇರುವೆ ಅಕ್ಷರದ ಎರಡು ಸಾಲಿಗೆ ಅಷ್ಟು ಸಾಕು. ಒಂದು ಸಾಲು ಹೋಗಿ ಒಂದು ಉಳಿದಿದ್ದರೆ ಅರ್ಧ ವಾಕ್ಯ ಯಾರದಾದರೂ ಕಣ್ಣಿಗೆ ಚುಚ್ಚುತ್ತಿತ್ತು. ಎರಡೂ ಹೋಗಿದ್ದರಿಂದ ಒಂಬತ್ತು ಬ್ಯಾಚು ಸಲೀಸಾಗಿ ಪುಟ ತಿರುಗಿಸಿತ್ತು.

ಇನ್ನೊಂದು ಸಂಗತಿಯೂ ನೆನಪಾಯಿತು. ಕಳೆದ ವರ್ಷ ಸೀನಿಯರ್ ಮರುಮೌಲ್ಯಮಾಪನಕ್ಕೆಂದು ತನ್ನ ಉತ್ತರ ಪತ್ರಿಕೆಯ ನಕಲು ತೆಗೆಸಿದ್ದು ಇಲ್ಲೇ. ಅದರಲ್ಲೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು. 'ಕಪ್ಪಾಗಿ ಬರುತ್ತೆ, ಪರವಾಗಿಲ್ವಾ?' ಎಂದು ಅವನು ಕೇಳಿದ್ದ. ಏನು ಬರೆದಿದೆ ಎಂದು ಓದಿರಲಿಲ್ಲ.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಮನೆಗೆ ಬಂದ ಮೇಲೂ ಡಬ್ಬಿಗಳ ಲೇಬಲ್ಲು ಮುಂದಕ್ಕೆ ಕಾಣುವಂತೆ ಜೋಡಿಸುವವಳು.

"ಹೇಳಿದ್ರೆ ಅಂಗಡಿ ಹೆಸರು ಹೋಗುತ್ತೆ" ಎಂದ. "ಸುಮ್ನೆ ನಾಳೆಯಿಂದ ಸರಿಯಾದ ಪುಟ ಹಾಕಿಬಿಟ್ರೆ ಯಾರಿಗೂ ತಿಳಿಯಲ್ಲ."

"ಹೂಂ."

"ಅಲ್ಲದೆ ಕಾಯ್ದೆ ಪುಸ್ತಕ ಎಲ್ಲರ ಹತ್ರಾನೂ ಇರುತ್ತೆ ಕಣೇ. ತೆಗೆದು ನೋಡಿದ್ರೆ ಗೊತ್ತಾಗ್ತಿತ್ತು. ಸಾಮಾನ್ಯ ಎಚ್ಚರ. ಕಾನೂನೇ ಹಾಗನ್ನುತ್ತೆ."

"ಯಾವ ಕಾನೂನು ರೀ?"

"ಅದೇ. ಬಿಟ್ಟುಹೋಗಿದ್ದ ಎರಡು ಸಾಲು."

ಹೆಂಡತಿ ಮಡಚುತ್ತಿದ್ದ ಟವೆಲ್ಲನ್ನು ಮಡಿಲಲ್ಲೇ ಇಟ್ಟುಕೊಂಡು ಅವನ ಮುಖ ನೋಡಿದಳು. "ಅಬ್ಬಾ ವಕೀಲ್ರೇ. ಮೊದಲನೇ ವರ್ಷಕ್ಕೇ ಇಷ್ಟು ಕಲಿತ್ರಾ? ಮಕ್ಕಳಿಗೆ ಕೊಡದೆ ಇಟ್ಕೊಂಡ ಸಾಲನ್ನ ನೀವೇ ಬಳಸ್ಕೋತಿದ್ದೀರಲ್ಲ."

ಅವನು ಮಡಚಿಟ್ಟಿದ್ದ ಟವೆಲ್ಲೊಂದನ್ನು ತೆಗೆದು ಮತ್ತೆ ಮಡಚತೊಡಗಿದ.

"ನಮ್ಮಲ್ಲಿ ಲೇಬಲ್ಲು ತಪ್ಪಿದ್ರೆ ಇಡೀ ಬ್ಯಾಚು ವಾಪಸ್ ತರಿಸ್ತಾರೆ" ಎಂದಳು, ಟವೆಲ್ಲು ಮಡಚುವುದನ್ನು ಮುಂದುವರಿಸುತ್ತಾ. "ನೀವು ಓದ್ಕೊಂಡು ಕುಡೀಬೇಕಿತ್ತು ಅಂತ ಗಿರಾಕಿಗೆ ಯಾರೂ ಹೇಳಲ್ಲ."

ಮರುದಿನ ಅವನು ತರಗತಿಗೆ ಅರ್ಧ ಗಂಟೆ ಮುಂಚೆ ಹೋದ. ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಮೂಲಪ್ರತಿ, ನಕಲು, ಗೆರೆ ಎಳೆದ ಹಾಳೆ, ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಪ್ರಯೋಗದ ವರದಿ ಒಪ್ಪಿಸುವವನಂತೆ ಹೇಳಿ ಮುಗಿಸಿದ. ಮೇಡಂ ಕನ್ನಡಕ ತೆಗೆದು ಮೂಲಪ್ರತಿಯನ್ನು ಕಣ್ಣಿನ ಹತ್ತಿರ ಹಿಡಿದರು.

"ನಾನೂ ನಿಮ್ಮ ಅಂಗಡಿ ನೋಟ್ಸೇ ಓದಿದ್ದು, ಗೊತ್ತಾ? ಹದಿನೈದು ವರ್ಷದ ಹಿಂದೆ. ನಂದರಲ್ಲಿ ಈ ಸಾಲು ಇತ್ತು. ಅದಕ್ಕೇ ನೋಟ್ಸಿನ ಮೇಲೆ ನನಗೆ ಅನುಮಾನ ಬರ್ಲಿಲ್ಲ. ಹುಡುಗರ ಮೇಲೇ ಬಂತು." ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಎಷ್ಟು ಜನಕ್ಕೆ ಬೈದಿದ್ದೀನೋ. ಇವತ್ತು ಕ್ಲಾಸಲ್ಲಿ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ, ಮೇಡಂ. ಒಬ್ಬಳಿಗೆ ಮಾತ್ರ ಮೊದಲೇ ಹೇಳ್ಬೇಕು."

ಸೀನಿಯರ್ ಮೆಟ್ಟಿಲ ಮೇಲೆ ಕೂತು ಅದೇ ನೋಟ್ಸು ಓದುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಹೇಳಿದ. ಅವಳು ಮೂವತ್ತೊಂದನೇ ಪುಟ ತೆಗೆದು, ಖಾಲಿ ಅಂಚಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು.

"ಎರಡು ಮಾರ್ಕ್ಸು" ಎಂದಳು ಕೊನೆಗೆ. "ಮನೇಲಿ ಅಪ್ಪ ಮೂರು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ, ಅಣ್ಣ. ಓದದೇ ಹೋಗಿ ಬರೆದಿದ್ದೀಯ ಅಂದ್ರು. ಇಡೀ ನೋಟ್ಸು ಬಾಯಿಪಾಠ ಬರುತ್ತೆ ಅಂದ್ರೂ ನಂಬ್ಲಿಲ್ಲ."

"ನಿಮ್ಮಪ್ಪನ ಹತ್ರ ಬಂದು ಹೇಳ್ತೀನಿ."

"ಏನಂತ?"

"ನೀನು ಓದಿದ್ದೆ, ನಾನು ಕೊಟ್ಟಿರ್ಲಿಲ್ಲ ಅಂತ."

ಅವಳು ನೋಟ್ಸನ್ನು ಪಟ್ಟನೆ ಮುಚ್ಚಿದಳು. ಕೋಪ ಬಂದದ್ದು ಅವನಿಗೆ ಕಾಣುತ್ತಿತ್ತು. ಅವನು ಎದ್ದು ಹೋಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಆಮೇಲೆ ಅವಳು ಬ್ಯಾಗಿಗೆ ಕೈ ಹಾಕಿ ಕಾಯ್ದೆ ಪುಸ್ತಕ ಹೊರಗೆ ತೆಗೆದಳು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

"ಇದು ಎರಡು ವರ್ಷದಿಂದ ನನ್ನ ಬ್ಯಾಗಲ್ಲೇ ಇದೆ" ಎಂದಳು. "ಸಾಮಾನ್ಯ ಎಚ್ಚರ. ಈಗ ನೀವು ಹಾಗಂದ್ರೆ ನನ್ನ ಹತ್ರ ಉತ್ತರ ಇಲ್ಲ."

"ಆ ವಾದ ಎತ್ತೋದಾದ್ರೆ ನಾನು ಎತ್ತಬೇಕು. ಎತ್ತಲ್ಲ."

"ಯಾಕೆ?"

"ನಿನ್ನೆ ಸಂಜೆ ಮನೇಲಿ ಎತ್ತಿ ನೋಡಿದೆ. ಅಲ್ಲೇ ವಜಾ ಆಯ್ತು."

ಅವಳಿಗೆ ನಗು ಬಂತು. ಬರಬಾರದಿತ್ತು ಎಂಬಂತೆ ಮುಖ ಆ ಕಡೆ ತಿರುಗಿಸಿದಳು.

ತರಗತಿಯಲ್ಲಿ ಹೇಳಿ ಮುಗಿಸಿದ ಮೇಲೆ, ಮಧ್ಯಾಹ್ನ ಅಂಗಡಿಯ ಗಾಜಿನ ಮೇಲೆ ಒಂದು ಹಾಳೆ ಅಂಟಿತ್ತು. 'ಕರಾರು ನೋಟ್ಸು, ಪುಟ ೩೧. ಒಂಬತ್ತು ವರ್ಷದಿಂದ ಕೊನೆಯ ಎರಡು ಸಾಲು ಬಿಟ್ಟುಹೋಗಿವೆ. ತಪ್ಪು ಅಂಗಡಿಯದು. ಸರಿಯಾದ ಪುಟ ಇಲ್ಲಿ ಸಿಗುತ್ತದೆ.' ಓದಿದವರಲ್ಲಿ ಕೆಲವರು ನಕ್ಕರು, ಇಬ್ಬರು ಜಗಳ ಕಾದರು, ಒಬ್ಬ ಹುಡುಗ ಉಳಿದ ವಿಷಯಗಳ ಕಟ್ಟುಗಳನ್ನೂ ವಾಪಸ್ ತಂದು ಬೆಂಚಿನ ಮೇಲಿಟ್ಟು ಹೋದ. ಜೆರಾಕ್ಸಣ್ಣ ಅವನ್ನೂ ಒಂದೊಂದೇ ಪುಟ ಮೂಲಪ್ರತಿಯ ಜೊತೆ ಇಟ್ಟು ನೋಡತೊಡಗಿದ. ಸಂವಿಧಾನದ ನೂರ ಅರವತ್ತು ಪುಟದಲ್ಲಿ ಮೊದಲ ದಿನ ಮುಗಿದದ್ದು ಹದಿನೇಳು. ನೋಡುವುದರ ಜೊತೆಗೆ ಓದಿಯೂ ಬಿಡುತ್ತಿದ್ದುದರಿಂದ ತಡವಾಗುತ್ತಿತ್ತು.

ಷಟರ್ ಎಳೆಯುವ ಹೊತ್ತಿಗೆ ಸೀನಿಯರ್ ಬಂದಳು. ಅವನು ಮೂಲಪ್ರತಿಯನ್ನು ಗಾಜಿನ ಮೇಲೆ ನಾಲ್ಕು ಮಿಲಿಮೀಟರ್ ಒಳಕ್ಕೆ ಸರಿಸಿ ಒಂದು ನಕಲು ತೆಗೆದು ಕೊಟ್ಟ. ಅವಳು ಅದನ್ನು ಮಡಚಲಿಲ್ಲ. ಬ್ಯಾಗಿನಿಂದ ಕಾಯ್ದೆ ಪುಸ್ತಕ ತೆಗೆದಳು. ಅದರ ಪ್ಲಾಸ್ಟಿಕ್ ಹೊದಿಕೆ ಈಗ ಇರಲಿಲ್ಲ. ಎರಡನ್ನೂ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು, ಮೊದಲ ಸಾಲಿನಿಂದ ಬೆರಳಿಟ್ಟು ಓದುತ್ತಾ ಬಂದಳು.

"ಭಾನುವಾರ ಅಪ್ಪ ಮನೇಲಿರ್ತಾರೆ" ಎಂದಳು, ತಲೆ ಎತ್ತದೆ.

"ಬರ್ತೀನಿ" ಎಂದ ಅವನು, ಅವಳ ಬೆರಳು ಕೊನೆಯ ಸಾಲು ಮುಟ್ಟುವವರೆಗೂ ದೀಪ ಆರಿಸದೆ ನಿಂತ.