ಫ್ಯಾನು ನಿಲ್ಲಿಸುವ ಹೊತ್ತು

"ಉಸಿರಾಡೋಕೂ ಬರಲ್ವೇನೇ ನಿಂಗೆ, ದರಿದ್ರ ಮುಂಡೇದೇ! ಆಗ ತಾನೇ ಹುಟ್ಟಿದ ಕೂಸಿಗೂ ಬರುತ್ತೆ!"

ಮೇಸ್ತ್ರಿ ಹೀಗೆ ಕೂಗಿದ್ದು ದೊಡ್ಡವಳ ಮೇಲೆ. ಕಾರ್ಖಾನೆಯಲ್ಲಿ ಬೆಳಗಿನ ಮೌನ ಆಗಷ್ಟೇ ಮುಗಿದಿತ್ತು. ಮುಗಿದಿತ್ತು ಅನ್ನುವುದಕ್ಕಿಂತ, ದೊಡ್ಡವಳ ಕೆಮ್ಮಿಗೆ ಸಿಕ್ಕಿ ಮುರಿದುಬಿದ್ದಿತ್ತು ಅನ್ನಬೇಕು. ಅವಳು ಅರಳೆ ರಾಶಿಯ ಪಕ್ಕ ಮಂಡಿಯೂರಿ, ಬಾಯಿಗೆ ಅಂಗೈ ಒತ್ತಿಕೊಂಡು ಇನ್ನೂ ಕೆಮ್ಮುತ್ತಲೇ ಇದ್ದಳು.

"ತಪ್ಪಾಯ್ತು ಮೇಸ್ತ್ರಿ..."

"ತಪ್ಪಾಯ್ತಂತೆ! ಮೇಡಮ್ಮ ಕಣ್ಮುಚ್ಚಿ ಕೂತಿದ್ರೆ ಇವಳು ನಾಯಿ ಬೊಗಳ್ದಂಗೆ ಕೆಮ್ಮೋದು. ಇನ್ನೊಂದ್ಸಲ ಕೆಮ್ಮಿದ್ಯೋ, ಗೇಟಿಂದ ಆಚೆಗೆ ಹಾಕ್ತೀನಿ. ಬೀದೀಲಿ ನಿಂತ್ಕೊಂಡು ಎಷ್ಟು ಬೇಕೋ ಅಷ್ಟು ಕೆಮ್ಕೋ."

ಎದುರಿನ ಸಾಲಿನಲ್ಲಿ ಮಿಷನ್ನಿನ ಮುಂದೆ ಕೂತಿದ್ದ ಚಿಕ್ಕವಳು ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿಕೊಂಡಿದ್ದಳು. ಇವರಿಬ್ಬರೂ ಓರಗಿತ್ತಿಯರು, ಅಣ್ಣ ತಮ್ಮಂದಿರ ಹೆಂಡಿರು. ದೊಡ್ಡವಳ ಗಂಡ ಯಾವತ್ತೋ ಮನೆ ಬಿಟ್ಟು ಹೋದವನು ತಿರುಗಿ ನೋಡಿರಲಿಲ್ಲ. ಅವನು ಹೋದ ಮೇಲೂ ದೊಡ್ಡವಳು ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಉಳಿದಳು. ಕಾರ್ಖಾನೆಗೆ ಚಿಕ್ಕವಳನ್ನು ಕರೆತಂದು ಸೇರಿಸಿದವಳೂ ಅವಳೇ.

ಅದು ಮೆತ್ತೆ ಮಾಡುವ ಕಾರ್ಖಾನೆ. ಎಂಥ ಮೆತ್ತೆ? ಧ್ಯಾನಕ್ಕೆ ಕೂರುವವರು ಅಡಿಗೆ ಹಾಕಿಕೊಳ್ಳುವ ದುಂಡನೆಯ ಮೆತ್ತೆ. ದೊಡ್ಡ ದೊಡ್ಡ ಕಂಪನಿಗಳೆಲ್ಲ ಈಗ ಆಫೀಸಿನೊಳಗೇ ಧ್ಯಾನದ ಕೋಣೆ ಮಾಡಿಸುತ್ತಿದ್ದವಂತೆ. ಅಲ್ಲಿಗೆಲ್ಲ ಇಲ್ಲಿಂದಲೇ ಮೆತ್ತೆ. ಒಂದು ಸಾಲಿನ ಹೆಂಗಸರು ಗವುಸಿಗೆ ಅರಳೆ ತುಂಬುತ್ತಿದ್ದರು, ಇನ್ನೊಂದು ಸಾಲಿನವರು ಅದರ ಬಾಯಿ ಹೊಲಿಯುತ್ತಿದ್ದರು. ಅರಳೆಯೆಂದರೆ ಒಳ್ಳೆಯ ಅರಳೆಯಲ್ಲ, ಗಿರಣಿಯವರು ಗುಡಿಸಿ ಹಾಕಿದ್ದು. ಮುಟ್ಟಿದರೆ ಸಾಕು, ಧೂಳೆದ್ದು ತಲೆ, ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗುತ್ತಿತ್ತು. ಆ ಧೂಳನ್ನು ಎಳೆದು ಹೊರಗೆ ಹಾಕಲು ಗೋಡೆಯಲ್ಲಿ ಆಳೆತ್ತರದ ಒಂದು ಫ್ಯಾನು. ಅದರ ಬೊಬ್ಬೆಗೆ ಕಿವಿ ಕಿವುಡಾಗಬೇಕು, ಆದರೆ ಅದು ತಿರುಗುತ್ತಿದ್ದರೆ ಹೇಗೋ ಉಸಿರಾಡಬಹುದಿತ್ತು.

ಬೆಳಗಿನ ಮೌನಕ್ಕೆ ಆ ಫ್ಯಾನನ್ನು ನಿಲ್ಲಿಸುತ್ತಿದ್ದರು. ಬೊಬ್ಬೆಯಿದ್ದರೆ ಶಾಂತಿ ಎಲ್ಲಿಂದ ಬರಬೇಕು?

ಈ ಮೌನ ತಂದವಳು ಉಸಿರಿನ ಮೇಡಮ್ಮ. ಹಾಗಂತ ಹೆಸರಿಟ್ಟವರು ಹೆಂಗಸರೇ. ಧಣಿ ಎಲ್ಲೋ ಹೋಗಿ ಬಂದವನು, 'ವ್ಯಾಪಾರಕ್ಕೂ ಒಂದು ಆತ್ಮ ಇರುತ್ತದೆ' ಎಂದು ಕಂಡುಕೊಂಡು, ಮೇಡಮ್ಮನನ್ನು ಜೊತೆಯಲ್ಲೇ ಕರೆತಂದಿದ್ದ. ಅವತ್ತಿನಿಂದ ಅವನನ್ನು ಧಣಿ ಅನ್ನುವಂತಿರಲಿಲ್ಲ, ಅಣ್ಣ ಅನ್ನಬೇಕಿತ್ತು. ಗೋಡೆಯ ಮೇಲೆ 'ಕೃತಜ್ಞತೆ, ಮೌನ, ಸಮರ್ಪಣೆ' ಎಂದು ಆಳುದ್ದದ ಅಕ್ಷರಗಳಲ್ಲಿ ಬರೆಸಿದ್ದ. ಕಕ್ಕಸಿನ ಬಾಗಿಲಿಗೆ ಚಿಲಕ ಹಾಕಿಸಿ ಎಂದು ಕೇಳಿ ಕೇಳಿ ಹೆಂಗಸರ ಬಾಯಿ ಒಣಗಿತ್ತು. ಅದು ಮಾತ್ರ ಆಗಿರಲಿಲ್ಲ.

ಮೌನದ ಹೊತ್ತಿಗೆ ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿಡಬೇಕು. ಮುಖದಲ್ಲಿ ಪ್ರಸನ್ನತೆ ಕಾಣಬೇಕಲ್ಲ! ಆಮೇಲೆ ಮೇಡಮ್ಮ ಜೇನು ಸುರಿದ ಹಾಗೆ ಹೇಳುತ್ತಿದ್ದಳು, "ಆಳವಾಗಿ ಎಳೆದುಕೊಳ್ಳಿ... ಹೊಟ್ಟೆಯ ತಳಕ್ಕೆ ಮುಟ್ಟಲಿ..." ಇದಕ್ಕೆ ಹೆಂಗಸರು ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಎದೆಯನ್ನು ಮಾತ್ರ ಉಬ್ಬಿಸಿ ತೋರಿಸುವುದು, ಗಾಳಿಯನ್ನು ಮೂಗಿನ ತುದಿಯಲ್ಲೇ ತಡೆದು ವಾಪಸ್ ಕಳಿಸುವುದು. ಹೊಸದಾಗಿ ಸೇರಿದವರಿಗೆ ಹೊಲಿಗೆಗಿಂತ ಮೊದಲು ಈ ಕಳ್ಳ ಉಸಿರನ್ನೇ ಕಲಿಸುತ್ತಿದ್ದರು.

ದೊಡ್ಡವಳೊಬ್ಬಳು ಮಾತ್ರ ನಿಜವಾಗಿ ಎಳೆಯುತ್ತಿದ್ದಳು.

ಯಾಕೆಂದರೆ ಮೇಡಮ್ಮ ಅವಳ ಬೆನ್ನು ಸವರಿ ಹೇಳಿದ್ದಳು, "ಇದು ಕೆಮ್ಮಲ್ಲಮ್ಮ, ಎದೆಯಲ್ಲಿ ಕೂತಿರೋ ಕೋಪ. ಯಾರನ್ನೋ ನೀನು ಕ್ಷಮಿಸಿಲ್ಲ. ಕ್ಷಮಿಸು, ಆಳವಾಗಿ ಉಸಿರು ತಗೋ. ತಾನಾಗೇ ಹೋಗುತ್ತೆ." ಅಷ್ಟು ನುಣುಪಾದ ಕೈ ದೊಡ್ಡವಳ ಬೆನ್ನ ಮೇಲೆ ಆಡಿದ್ದು ಅದೇ ಮೊದಲು. ಅವಳು ಪೂರ್ತಿ ನಂಬಿಬಿಟ್ಟಳು.

ಮೇಸ್ತ್ರಿ ಬೈದ ದಿನ ಸಂಜೆ ಒಲೆ ಮುಂದೆ ಕೂತು ಅವಳು ಚಿಕ್ಕವಳಿಗೆ ಹೇಳಿದಳು.

"ಅತ್ತೇನ ಕ್ಷಮಿಸ್ದೆ ಕಣೇ. ಆದ್ರೂ ಹೋಗ್ಲಿಲ್ಲ."

"ಸತ್ತು ಮಣ್ಣಾದವಳನ್ನ ಕ್ಷಮಿಸಿ ಏನ್ ಬಂತು? ಅಕ್ಕಾ, ನೀನು ಆ ಧೂಳನ್ನ ಒಳಗೆ ಎಳ್ಕೋಬೇಡ. ನಮ್ ತರ ಮೂಗಲ್ಲೇ ಆಡ್ಸು."

"ಮೋಸ ಮಾಡಿದ್ರೆ ವಾಸಿಯಾಗುತ್ತಾ? ಇನ್ನೂ ಯಾರೋ ಉಳ್ಕೊಂಡಿದ್ದಾರೆ. ನಿಮ್ ಭಾವನೇ ಇರ್ಬೇಕು."

"ಆ ಬೇವರ್ಸಿನ ಕ್ಷಮಿಸೋಕೆ ಹೊರಟ್ರೆ ನಿನ್ ಆಯಸ್ಸು ಸಾಲಲ್ಲ ಬಿಡು."

ದೊಡ್ಡವಳು ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು, ಕೆಮ್ಮು ನಿಲ್ಲುವಷ್ಟರಲ್ಲಿ ಮುಖ ಹಂಚಿನ ತಳದ ಹಾಗೆ ಕಪ್ಪಿಟ್ಟಿತು. ಚಿಕ್ಕವಳಿಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೆಯ ದಿನ ಅವಳು ಧಣಿಯ ಕೋಣೆಗೆ ಹೋದಳು. ಅಲ್ಲಿ ಕುರ್ಚಿಯಿರಲಿಲ್ಲ. ಧಣಿ ಬಿಳಿ ಅಂಗಿ ತೊಟ್ಟು ಮೆತ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಕೂತ್ಕೋ ತಾಯಿ. ಇಲ್ಲಿ ಮೇಲು ಕೀಳು ಇಲ್ಲ," ಎಂದು ಎದುರಿನ ಮೆತ್ತೆ ತೋರಿಸಿದ. ಚಿಕ್ಕವಳು ಕೂತಳು. ಇಷ್ಟು ಕಾಲ ಮೆತ್ತೆ ಹೊಲಿದವಳು ಅದರ ಮೇಲೆ ಕೂತದ್ದು ಅವತ್ತೇ. ಮೆತ್ತಗೆ, ಹಿತವಾಗಿಯೇ ಇತ್ತು.

"ಅಣ್ಣಾ, ಮೌನದ ಹೊತ್ತಲ್ಲಿ ಫ್ಯಾನು ನಿಲ್ಲಿಸ್ಬೇಡಿ. ಅಕ್ಕಂಗೆ ಉಸಿರು ಕಟ್ಟುತ್ತೆ."

ಧಣಿ ಕಣ್ಣು ಮುಚ್ಚಿ, ತೆರೆದ. "ಫ್ಯಾನಿನ ಸದ್ದು ಹೊರಗಿನದು ತಾಯಿ. ಒಳಗಿನ ಸದ್ದು ನಿಲ್ಲಿಸೋದು ಕಷ್ಟ. ನಿನ್ನ ಮಾತಲ್ಲಿ ದೂರು ಇದೆ, ಕೃತಜ್ಞತೆ ಇಲ್ಲ. ನೋಡ್ಕೊಂಡ್ಯಾ?"

"ಬಾಯಿಗೆ ಬಟ್ಟೆನಾದ್ರೂ ಕಟ್ಕೊಳ್ಳೋಕೆ ಬಿಡಿ."

"ನಾಡಿದ್ದು ಮಾಲು ಕೊಳ್ಳೋರು ಬರ್ತಾ ಇದ್ದಾರೆ. ಮೆತ್ತೆ ನೋಡೋಕಲ್ಲ, ಅದನ್ನ ಮಾಡೋರ ಮನಸ್ಸು ಎಷ್ಟು ಶಾಂತವಾಗಿದೆ ಅಂತ ನೋಡೋಕೆ. ಅದಕ್ಕೇ ಅವರು ದುಡ್ಡು ಕೊಡೋದು. ನಿಮ್ಮಕ್ಕಂಗೆ ಕಷ್ಟ ಆದ್ರೆ ಹೇಳು, ಅವಳಿಗೆ ವಿಶ್ರಾಂತಿ ಕೊಟ್ಬಿಡೋಣ."

ವಿಶ್ರಾಂತಿ ಅಂದರೆ ಏನೆಂದು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವಿಶ್ರಾಂತಿ ಪಡೆದ ಯಾರೂ ಮತ್ತೆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಚಿಕ್ಕವಳು ಗಡಬಡಿಸಿ ಎದ್ದಳು. "ಬೇಡ ಅಣ್ಣಾ. ಅವಳು ಕೆಮ್ಮಲ್ಲ. ನಾನು ಹೇಳ್ತೀನಿ."

ಹೇಳಿದಳು ಕೂಡ. "ಅವತ್ತೊಂದಿನ ತಡ್ಕೊಂಬಿಡಕ್ಕಾ," ಅಂದಳು. "ಆಯ್ತು ಕಣೇ," ಅಂದಳು ದೊಡ್ಡವಳು.

ಕೊಳ್ಳುವವರು ಬಂದರು. ಎಲ್ಲ ಎಳೆಯ ವಯಸ್ಸಿನವರು, ಮೆಲುದನಿಯವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಜೋಡಿಸಿಕೊಂಡು ಒಳಗೆ ಬಂದು, ಎತ್ತರದ ಜಗಲಿಯಲ್ಲಿ ಸಾಲಾಗಿ ನಿಂತರು. ಮೇಸ್ತ್ರಿ ಫ್ಯಾನು ನಿಲ್ಲಿಸಿದ. ಹೆಂಗಸರು ಬಟ್ಟೆ ಬಿಚ್ಚಿಟ್ಟರು. ಮೇಲೆದ್ದಿದ್ದ ಧೂಳು ನಿಧಾನವಾಗಿ ಇಳಿಯತೊಡಗಿತು.

"ಆಳವಾಗಿ..." ಅಂದಳು ಮೇಡಮ್ಮ.

ಚಿಕ್ಕವಳು ಅರೆಗಣ್ಣು ಬಿಟ್ಟು ನೋಡುತ್ತಿದ್ದಳು. ಎದುರು ಸಾಲಿನಲ್ಲಿ ದೊಡ್ಡವಳು ಬೆನ್ನು ನೆಟ್ಟಗೆ ಮಾಡಿ ಹೊಟ್ಟೆತುಂಬ ಎಳೆದಳು. ಮತ್ತೆ ಎಳೆದಳು. ಕೆಮ್ಮು ಬಂದದ್ದು ಅವಳ ಭುಜದಲ್ಲಿ ಕಾಣಿಸಿತು. ಅವಳು ತುಟಿ ಕಚ್ಚಿದಳು. ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ದಳದಳ ಇಳಿಯಿತು. ಕೊಳ್ಳುವವರಲ್ಲಿ ಒಬ್ಬಳು ಅದನ್ನು ಕಂಡು ತಾನೂ ಕಣ್ಣೊರೆಸಿಕೊಂಡಳು. ಪಕ್ಕದವನು ಸದ್ದಾಗದಂತೆ ಫೋಟೋ ತೆಗೆದ. ದೊಡ್ಡವಳು ಹಾಗೇ ಮೆಲ್ಲಗೆ ಮುಂದಕ್ಕೆ ಬಾಗಿ, ಅರಳೆ ರಾಶಿಯೊಳಗೆ ಮುಖವಿಟ್ಟಳು.

ಚಿಕ್ಕವಳು ಏಳಹೋದಳು. ಭುಜದ ಮೇಲೆ ಮೇಸ್ತ್ರಿಯ ಕೈ ಬಿತ್ತು. ಅವನು ಕಿವಿಯ ಹತ್ತಿರ ಬಗ್ಗಿ, "ಕೂತ್ಕೊಳ್ಳೇ ಬೋಸುಡಿ. ಮೌನ ಮುಗಿಯೋ ಗಂಟೆ ಬಾರಿಸೋವರೆಗೂ ಅಲ್ಲಾಡಿದ್ರೆ ಇಬ್ರೂ ನಾಳೆಯಿಂದ ಬೀದಿಗೆ," ಅಂದ.

ಅವಳು ಕೂತಳು. ದೊಡ್ಡವಳ ಕೈಬೆರಳುಗಳು ಅರಳೆಯನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಆಮೇಲೆ ಹಿಡಿಯಲಿಲ್ಲ. ಗಂಟೆ ಬಾರಿಸಿದ್ದು ಎಷ್ಟೋ ಹೊತ್ತಿನ ಮೇಲೆ. ಅಲ್ಲಿಗೆ ಎಲ್ಲ ಮುಗಿದಿತ್ತು.

ಮಣ್ಣಿಗೆ ಇಟ್ಟು ಬಂದರು. ಚಿಕ್ಕವಳಿಗೆ ಅಳು ಬರಲಿಲ್ಲ. "ಅತ್ಬಿಡೇ, ಹಗುರಾಗುತ್ತೆ," ಎಂದು ನೆರೆಯವರು ಬೆನ್ನು ತಟ್ಟಿದರು, ಕೆನ್ನೆಗೂ ತಟ್ಟಿದರು. ಏನೂ ಆಗಲಿಲ್ಲ. ಕಲ್ಲಾಗಿಬಿಟ್ಟಿದ್ದಾಳೆ ಅಂದರು. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ಇವಳಿಗೆ ಅದೂ ಇಲ್ಲ. ಗಂಡ ತಟ್ಟೆ ಮುಂದಿಟ್ಟರೆ ತಿಂದಳು, ಮಲಗು ಅಂದರೆ ಮಲಗಿದಳು. ಹೊಟ್ಟೆ ಕೇಳಬೇಕಲ್ಲ, ಮತ್ತೆ ಕೆಲಸಕ್ಕೂ ಹೋದಳು. ತುಂಬುವ ಸಾಲಿನಲ್ಲಿ ದೊಡ್ಡವಳ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದಿದ್ದಳು.

ಅವತ್ತು ಬೆಳಿಗ್ಗೆ ಗೋಡೆಯ ಮೇಲೆ, 'ಸಮರ್ಪಣೆ' ಎಂದು ಬರೆದದ್ದರ ಕೆಳಗೆ, ದೊಡ್ಡವಳ ಫೋಟೋ ಹಾಕಿದ್ದರು. ಆ ದಿನ ತೆಗೆದದ್ದೇ. ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ನೀರು. ಕೊಳ್ಳುವವರು ಅದೇ ಫೋಟೋವನ್ನು ಮೆತ್ತೆಯ ಡಬ್ಬಿಯ ಮೇಲೂ ಹಾಕಿಸುತ್ತಾರಂತೆ.

ಧಣಿ ಎಲ್ಲರ ನಡುವೆ ಬಂದು ನಿಂತು ಗದ್ಗದಿತನಾದ. "ನಮ್ಮ ತಾಯಿ ಧ್ಯಾನದಲ್ಲೇ ಹೋದಳು. ಯಾರಿಗುಂಟು ಈ ಭಾಗ್ಯ! ದೊಡ್ಡ ದೊಡ್ಡ ಸಾಧಕರಿಗೂ ಸಿಗಲ್ಲ. ಅವಳ ಹೆಸರಲ್ಲಿ ಇವತ್ತು ನಾವೆಲ್ಲ ಮೌನವಾಗಿರೋಣ."

ಮೇಸ್ತ್ರಿ ಫ್ಯಾನು ನಿಲ್ಲಿಸಿದ. ಮಿಷನ್ನುಗಳು ಒಂದೊಂದಾಗಿ ನಿಂತವು. ಒಂದು ಮಿಷನ್ನು ಮಾತ್ರ ನಿಲ್ಲಲಿಲ್ಲ.

"ಏಯ್, ಕೇಳಿಸ್ಲಿಲ್ವೇನೇ? ನಿಲ್ಸು!"

ಚಿಕ್ಕವಳು ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಮೆತ್ತೆಯನ್ನು ತಿರುಗಿಸಿಕೊಂಡು ಹೊಲಿಯುತ್ತಲೇ ಇದ್ದಳು. ಇಷ್ಟು ಕಾಲ 'ಬೇಗ ಬೇಗ, ಕೈ ನಡೀಲಿ' ಎಂದು ಬೆನ್ನ ಹಿಂದೆ ನಿಂತು ಹೇಳುತ್ತಿದ್ದ ಮೇಸ್ತ್ರಿ ಅವಳ ಮಿಷನ್ನಿನ ತಲೆಯ ಮೇಲೆ ಗುದ್ದಿದ.

"ನಿನ್ ಅಕ್ಕನ ಹೆಸರಲ್ಲೇ ಕಣೇ ಈ ಮೌನ! ನಾಚಿಕೆ ಆಗಲ್ವಾ?"

"ಅವಳು ಸಾಯೋವಾಗ ಸುಮ್ನೆ ಕೂತಿದ್ನಲ್ಲ ಮೇಸ್ತ್ರಿ," ಅಂದಳು ಚಿಕ್ಕವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಅಷ್ಟು ಸಾಕು."

ಅವಳ ಮುಂದಿನ ರಾಶಿ ಮುಗಿಯಿತು. ಬರಿ ಬಟ್ಟೆಯ ಮೇಲೆ ಸೂಜಿ ಓಡಿಸಿದಳು. ಆಗ ಎದುರು ಸಾಲಿನಿಂದ, ದೊಡ್ಡವಳ ಜಾಗದಲ್ಲಿ ಕೂತಿದ್ದ ಹೊಸಬಳು, ಒಂದು ತುಂಬಿದ ಮೆತ್ತೆಯನ್ನು ಇವಳ ಕಡೆ ಎಸೆದಳು. ಪಕ್ಕದ ಮಿಷನ್ನು ಶುರುವಾಯಿತು. ಅದರಾಚೆಯದು. ಆಮೇಲೆ ಸಾಲಿಗೆ ಸಾಲೇ. ತುಂಬುವವರು ರಾಶಿಗೆ ಕೈ ಹಾಕಿದರು. ಫ್ಯಾನಿಲ್ಲದ ಆ ಕೋಣೆಯಲ್ಲಿ ಧೂಳು ಎದ್ದು ಎದ್ದು ಗೋಡೆಯ ಅಕ್ಷರ ಮಸುಕಾಯಿತು.

"ಮೇನ್ ಸ್ವಿಚ್ ಆರ್ಸೋ!" ಎಂದು ಧಣಿ ಕಿರುಚಿದ. ಅವನ ಶಾಂತದನಿ ಎಲ್ಲಿ ಹೋಯಿತೋ! ಮೇಸ್ತ್ರಿ ಓಡಿದ. ಸ್ವಿಚ್ಚಿನ ಹಲಗೆಗೆ ಬೆನ್ನು ಕೊಟ್ಟು ತುಂಬುವ ಸಾಲಿನ ನಾಲ್ಕು ಜನ ಹೆಂಗಸರು ನಿಂತಿದ್ದರು, ತಲೆಯಿಂದ ಕಾಲಿನವರೆಗೂ ಬೆಳ್ಳಗೆ. ಅವನು ಬೈದ. ಅವರು ಜಾಗ ಬಿಡಲಿಲ್ಲ.

ಮೇಡಮ್ಮ ಬಾಗಿಲಿನ ಕಡೆ ನಡೆದಿದ್ದಳು. ಧಣಿ ಏನೋ ಹೇಳಲು ಬಾಯಿ ತೆರೆದವನು, ಅಂಗಿಯ ತೋಳನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ಹಿಂದೆ ಹಿಂದೆ ಸರಿದ.

ಚಿಕ್ಕವಳು ಅತ್ತ ನೋಡಲೂ ಇಲ್ಲ. ಕೈಯಲ್ಲಿದ್ದ ಮೆತ್ತೆಯ ಬಾಯಿ ಹೊಲಿದು ಮುಗಿಸಿದಳು. ದಾರ ಕತ್ತರಿಸಿ, ಇನ್ನೊಂದನ್ನು ಎಳೆದುಕೊಂಡಳು.