ನಾಲ್ಕು ಮಾಳಿಗೆಯ ಬೋಂಡ

ಸಫಿಯಮ್ಮನ ಗೋಳಿಬಜೆಯ ಬಿಸಿ ಬಗ್ಗೆ ಮೊದಲು ಹೇಳ್ಬೇಕು. ಅಜ್ಜಾವರದ ಡೊಂಬಯ್ಯ ಒಮ್ಮೆ ಪಾರ್ಸೆಲ್ ಕಟ್ಟಿಸಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋದದ್ದು. ಮನೆ ಮುಟ್ಟುವಾಗ ಪಂಚೆಯಲ್ಲಿ ಒಂದು ಕಿಟಕಿ. ಅವರ ಹೆಂಡತಿ ಅದಕ್ಕೆ ಕರ್ಟನ್ ಹೊಲಿದು ಕೊಟ್ಟಿದ್ದಾರೆ. ನಂಬದಿದ್ರೆ ಡೊಂಬಯ್ಯನ ಹತ್ರ ಕೇಳಿ, ಆ ಪಂಚೆ ಈಗಲೂ ಉಡ್ತಾರೆ.

ಸಫಿಯಮ್ಮನ ಚಾದಂಗಡಿ ಇರುದು ನಮ್ಮ ಪೇಟೆಯ ಹಳೇ ಮಾರ್ಕೆಟ್ ಕಟ್ಟಡದಲ್ಲಿ. ಪಕ್ಕದಲ್ಲಿ ನನ್ನ ಕೊಡೆ ರಿಪೇರಿ, ಆಚೆ ಪೋಕರ್ ಬ್ಯಾರಿಯ ಒಣಮೀನು. ಇದನ್ನೆಲ್ಲ ಕೆಡವಿ ನಾಲ್ಕು ಮಾಳಿಗೆಯ ಕಾಂಪ್ಲೆಕ್ಸ್ ಕಟ್ಟುದು ಅಂತ ಒಂದು ಯೋಜನೆ ಬಂತು. ಕಟ್ಟುದು ಯಾವನೋ ಬಿಲ್ಡರ್, ದುಡ್ಡಲ್ಲಿ ಅರ್ಧ ಊರಿನದ್ದು. ಊರಿನ ದುಡ್ಡು ಹಾಕುದಾದ್ರೆ ಊರಿನವರನ್ನು ಕೇಳ್ಬೇಕಂತೆ. ಕೇಳ್ಲಿಕ್ಕೆ ಘಟ್ಟದ ಮೇಲಿಂದ ಒಬ್ಬರು ಆಫೀಸರ್ ಬಂದ್ರು.

ಒಳ್ಳೆ ಜನ ಮಾರಾಯ್ರೆ. ಮಾರ್ಕೆಟ್ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಮೇಜಿನ ಮೇಲೆ ಕಾಂಪ್ಲೆಕ್ಸಿನ ಮಾಡೆಲ್ ಇಟ್ರು. ಬೆಳ್ಳಗೆ ಮದುವೆ ಕೇಕಿನ ಹಾಗೆ ಇತ್ತು.

ಸಫಿಯಮ್ಮ ಬಗ್ಗಿ ನೋಡಿದ್ರು. "ನನ್ನ ಅಂಗಡಿ ಎಲ್ಲಿ ಉಂಟು ಸಾರ್?"

"ಅಲ್ಲಿ ಕಾರಂಜಿ ಬರುತ್ತೆ ಅಮ್ಮ. ಬಣ್ಣದ ಲೈಟ್ ಎಲ್ಲ ಇರುತ್ತೆ."

"ಹಾಗಾದ್ರೆ ನಾನು ನೀರೊಳಗೆ ಕೂತು ಚಾ ಮಾಡುದಾ?"

"ನಿಮಗೆ ಬೇರೆ ಕಡೆ ನೋಡೋಣ."

"ಎಲ್ಲಿ?"

"ನೋಡೋಣ."

ಸಫಿಯಮ್ಮ ಸೆರಗು ಸರಿ ಮಾಡ್ಕೊಂಡು ಅಂಗಡಿಗೆ ಹೋದ್ರು.

ಆಫೀಸರ್ ಮೈಕ್ ಹಿಡಿದ್ರು. "ಸಂಕೋಚ ಬೇಡ. ನಿಮ್ಮ ನಿಮ್ಮ ಭಾಷೆಯಲ್ಲೇ ಹೇಳಿ. ಈ ಯೋಜನೆ ಬೇಕಾ?"

ಪೋಕರ್ ಎದ್ದು ನಿಂತರು. "ಬೋಂಡ."

ಹಿಂದಿನ ಸಾಲಿನವರೂ ಎದ್ರು. "ಬೋಂಡ, ಬೋಂಡ."

ಬ್ಯಾರಿ ಭಾಷೆಯಲ್ಲಿ ಬೋಂಡ ಅಂದ್ರೆ ಬೇಡ. ಅದು ಈ ಊರಲ್ಲಿ ಹುಟ್ಟಿದ ನಾಯಿಗೂ ಗೊತ್ತು. ಮನೆಯಲ್ಲಿ ಅರೆಭಾಷೆ ಮಾತಾಡುವ ಹೂವಿನ ಪಂಕಜಾಕ್ಷಿಯೂ ಅವತ್ತು ಬೋಂಡ ಅಂದಳು. ಕೇಳ್ಲಿಕ್ಕೆ ಗಟ್ಟಿ ಉಂಟು ಆ ಶಬ್ದ.

ಆಫೀಸರ್ ನನ್ನ ಕಡೆ ತಿರುಗಿದ್ರು. "ಏನಂತಾರೆ ಇವರು?"

"ಬೋಂಡ ಅಂತಾರೆ ಸಾರ್."

ಸುಳ್ಳು ಹೇಳ್ಲಿಲ್ಲ ನಾನು.

ಅವರ ಮುಖ ಅರಳಿತು. "ಅಷ್ಟೇ ತಾನೇ? ಎಲ್ಲರಿಗೂ ಬೋಂಡ ಹೇಳಿ. ತಿಂದು ಕೈ ಎತ್ತಲಿ." ಘಟ್ಟದ ಮೇಲಿನವರು ನಮ್ಮ ಗೋಳಿಬಜೆಗೂ ಬೋಂಡ ಅಂತ ಹೇಳುದು.

ಹೋಗಿ ಹೇಳಿದೆ. ಸಫಿಯಮ್ಮ ಸೌಟು ಕೆಳಗಿಟ್ರು. "ನನ್ನ ಅಂಗಡಿ ಮುರೀಲಿಕ್ಕೆ ಬಂದವರಿಗೆ ನಾನೇ ಕಾಯಿಸಿ ಕೊಡುದಾ ಕುಕ್ಕಪ್ಪಣ್ಣ? ನಿಮಗೆ ನಾಚಿಕೆ ಉಂಟಾ?"

"ಉಂಟು. ಆದ್ರೂ ಎಣ್ಣೆ ಇಡಿ."

"ಎಂತಕ್ಕೆ?"

"ಅವರ ಮಾಡೆಲ್ ಥರ್ಮೋಕೋಲಿಂದು."

ಸಫಿಯಮ್ಮ ನನ್ನನ್ನೇ ನೋಡಿದ್ರು. ಮತ್ತೆ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದ್ರು. ಆ ಎಣ್ಣೆ ಕಾದದ್ದು ಹೇಗೆ ಅಂದ್ರೆ, ಮಾಡಿನ ಮೇಲೆ ಕೂತ ಕಾಗೆ ಬೆವರಿತು. ರೆಕ್ಕೆಯಲ್ಲಿ ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ದೊಡ್ಡ ಜಾಲರಿ ಸೌಟಲ್ಲಿ ಗೋಳಿಬಜೆ ತುಂಬಿಸಿ, ಎಣ್ಣೆ ತೊಟ್ಟಿಕ್ಕುತ್ತಾ ಇದ್ದ ಹಾಗೇ ಅಂಗಳಕ್ಕೆ ತಂದ್ರು.

"ಎಲ್ಲಿ ಇಡುದು ಸಾರ್?"

"ಮೇಜಿನ ಮೇಲೆ ಎಲ್ಲಾದ್ರೂ ಇಡಿ ಅಮ್ಮ."

"ಮೇಜಲ್ಲಿ ನಿಮ್ಮ ಕಟ್ಟಡವೇ ಉಂಟಲ್ಲ, ಜಾಗ ಎಲ್ಲಿ? ಟೆರೇಸ್ ಖಾಲಿ ಉಂಟು." ಅಂದು ಸೌಟು ಕವುಚಿದ್ರು.

ಗೋಳಿಬಜೆ ಲಿಫ್ಟಲ್ಲಿ ಹೋದ ಹಾಗೆ ಇಳಿಯಿತು. ನಾಲ್ಕನೇ ಮಾಳಿಗೆ ಹೋಯ್ತು, ಮೂರನೆಯದ್ದು ಹೋಯ್ತು. ಎರಡನೆಯದ್ದರಲ್ಲಿ ಸ್ವಲ್ಪ ನಿಂತಿತು, ಯಾರಾದ್ರೂ ಹತ್ತುವವರಿದ್ದಾರಾ ಅಂತ. ಕೊನೆಗೆ ಸೀದಾ ಕಾರಂಜಿಯಲ್ಲಿ ಬಂದು ಕೂತಿತು. ಸಫಿಯಮ್ಮನ ಅಂಗಡಿ ಇರುವ ಜಾಗವೇ ಅದು.

ಯಾರೂ ನಗಲಿಲ್ಲ. ಯಾರೂ ಒಂದು ಗೋಳಿಬಜೆ ಮುಟ್ಟಲಿಲ್ಲ. ಒಂದು ಕೈಯೂ ಮೇಲೆ ಹೋಗ್ಲಿಲ್ಲ.

ಆಫೀಸರ್ ಕನ್ನಡಕ ತೆಗೆದ್ರು. "ಇವರು ಹೇಳ್ತಿರೋದು ಏನ್ರಿ ಕೊನೆಗೆ?"

"ಸುರುವಿಂದ ಒಂದೇ ಮಾತು ಸಾರ್. ಬೋಂಡ. ಬ್ಯಾರಿಯಲ್ಲಿ ಬೇಡ ಅಂತ ಅರ್ಥ."

"ಮೊದಲೇ ಹೇಳೋದಲ್ವಾ?"

"ನೀವು ಆಗ ಕೇಳಿದ್ದು ಇವರು ಎಂತ ಹೇಳ್ತಾರೆ ಅಂತ. ಅರ್ಥ ಕೇಳಿದ್ದು ಈಗ."

ಅವರು ಕನ್ನಡಕ ಒರೆಸಿ ಹಾಕ್ಕೊಂಡು ಕರಗಿದ ಕಾಂಪ್ಲೆಕ್ಸನ್ನು ನೋಡಿದ್ರು. ಮತ್ತೆ ಸಫಿಯಮ್ಮನ ಕಡೆ ತಿರುಗಿ ಹೇಳಿದ್ರು, "ಇವತ್ತಿಗೆ ಬೆಂಬಲ ಇಲ್ಲ ಅಂತಲೇ ಬರೀತೀನಿ ಅಮ್ಮ. ಆದ್ರೆ ಇದು ಇಲ್ಲಿಗೆ ಬಿಡೋ ಯೋಜನೆ ಅಲ್ಲ. ಮುಂದಿನ ಸಲ ಮಾಡೆಲ್ ಮರದಲ್ಲಿ ಮಾಡಿಸಿ ತರ್ತೀನಿ."

"ತನ್ನಿ," ಅಂದ್ರು ಸಫಿಯಮ್ಮ. "ಒಲೆಗೆ ಕಟ್ಟಿಗೆ ಹೇಗೂ ಬೇಕು."