ಪಂಪಣ್ಣನ ನುಸಿಗಳು

ಬಳ್ಳಿ ಬೆಳೆಸುವ ಗಾಜಿನ ಮನೆಯ ಒಳಗಿಂದ ಪಂಪಿನ ಸದ್ದು ಕೇಳಿದ್ದೇ ತಡ, ಅಕ್ಕ ಸೌತೆಕಾಯಿ ಜೋಡಿಸುತ್ತಿದ್ದ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಪ್ಯಾಕಿಂಗ್ ಕೋಣೆಯಿಂದ ಹೊರಗೋಡಿದಳು. ಎಷ್ಟೋ ವರ್ಷ ಕೇಳಿ ಕೇಳಿ ಕಿವಿಗೆ ಒಗ್ಗಿಹೋದ ಸದ್ದು, ತಮ್ಮನು ಬೆಳೆಗೆ ಔಷಧಿ ಹೊಡೆಯುವ ಸದ್ದು ಅದು. ಇನ್ನು ಈ ಜನ್ಮದಲ್ಲಿ ಅವನು ಔಷಧಿಯ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದರು.

ಹೋದ ಬೇಸಿಗೆಯಲ್ಲಿ ಅವನು ಬಳ್ಳಿಗಳ ಸಾಲಿನ ನಡುವೆ ಔಷಧಿ ಹೊಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಕುಸಿದು ಬಿದ್ದಿದ್ದ. ಮುಖವಾಡ ಕಿತ್ತರೆ ತುಟಿ ನೀಲಿಗಟ್ಟಿತ್ತು. ಅಕ್ಕನೂ ಅವನ ಹೆಂಡತಿಯೂ ಸೇರಿ, ಕಾಯಿ ಸಾಗಿಸುವ ಕೈಗಾಡಿಯಲ್ಲೇ ಅವನನ್ನು ಮಲಗಿಸಿ ರಸ್ತೆಯವರೆಗೆ ತಳ್ಳಿಕೊಂಡು ಹೋಗಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದನೇನೋ ಸರಿ, ಆದರೆ ಬಂದವನು ಮೊದಲಿನವನಾಗಿರಲಿಲ್ಲ. ಮಾರುಕಟ್ಟೆಯವರು ಅವನನ್ನು ಕರೆಯುತ್ತಿದ್ದದ್ದೇ ಪಂಪಣ್ಣ ಎಂದು. ಬೆನ್ನಿಗೆ ಪಂಪಿಲ್ಲದೆ ಅವನನ್ನು ಕಂಡವರೇ ಕಡಿಮೆ. "ಇನ್ನೇನು, ಗಾಜು ಒರೆಸ್ಕೊಂಡು ಬಿದ್ದಿರ್ಲಾ?" ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ.

ಎಲೆಯ ರಸ ಹೀರುವ ಜೇಡನುಸಿಗಳಿಗೆ ಅವನ ಕಾಯಿಲೆಯ ಗೊಡವೆ ಏನು? ಈ ಸಲವೂ ಬಿಸಿಲು ಏರುತ್ತಿದ್ದಂತೆ ಬಂದೇ ಬಂದವು. ಮೊದಲು ಎಲೆಗಳ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಆಮೇಲೆ ಹಳದಿ, ಆಮೇಲೆ ಕುಡಿಗಳಿಗೆ ನವಿರಾದ ಬಲೆ. ಹೀಗೇ ಬಿಟ್ಟರೆ ಬಳ್ಳಿಗಳೆಲ್ಲ ಒಣಗಿ ಕಡ್ಡಿಯಾಗುವುದು ಖಂಡಿತ. ಅಕ್ಕ ಅಲ್ಲಿ ಇಲ್ಲಿ ವಿಚಾರಿಸಿ, ಜೇಡನುಸಿಯನ್ನೇ ತಿಂದು ಬದುಕುವ ಇನ್ನೊಂದು ಜಾತಿಯ ನುಸಿಯನ್ನು ತರಿಸಿದಳು. ಬಿಸಿ ನಾಡಿನದು. ತೌಡು ತುಂಬಿದ ಬಾಟಲಿಯಲ್ಲಿ ಬಂತು. ದಿಟ್ಟಿಸಿ ನೋಡಿದರೆ ಧೂಳಿನ ಕಣಕ್ಕೆ ಕಾಲು ಬಂದು ನಡೆದಾಡಿದಂತೆ ಕಾಣುತ್ತಿತ್ತು.

"ಇದೇನಕ್ಕಾ, ಎಲೆಗೆ ಉಪ್ಪು ಉದುರಿಸ್ತಿದ್ದೀಯಾ?" ತಮ್ಮನು ಬಾಗಿಲಿಗೆ ಒರಗಿ ನಿಂತು ನಕ್ಕಿದ್ದ. "ಆ ನುಸೀನ ಈ ನುಸಿ ತಿನ್ನುತ್ತೆ, ಸರಿ. ಈ ನುಸೀನ ಯಾರು ತಿನ್ನೋದು? ನಾನಾ?"

"ಹಸಿವಾದ್ರೆ ತಿನ್ನು. ಔಷಧಿ ಮಾತ್ರ ಮುಟ್ಬೇಡ. ಒಂದು ಹನಿ ಬಿದ್ರೂ ನನ್ನ ನುಸಿ ಒಂದೂ ಉಳಿಯಲ್ಲ, ನೀನೂ ಉಳಿಯಲ್ಲ."

ದಿನಗಳು ಕಳೆದವು. ಚುಕ್ಕೆ ಮೇಲೆ ಮೇಲೆ ಹತ್ತುತ್ತಲೇ ಹೋಯಿತು. ತಮ್ಮ ಬಂದು ಎಲೆ ಮಗುಚಿ ನೋಡಿ, ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದ. ಬೈದಿದ್ದರೂ ವಾಸಿಯಿತ್ತು. ನಿನ್ನೆ ಊಟದ ನಡುವೆ "ಇನ್ನು ನೋಡ್ಕೊಂಡು ಕೂರೋಕಾಗಲ್ಲ" ಎಂದಷ್ಟೇ ಹೇಳಿ ಎದ್ದು ಕೈ ತೊಳೆದಿದ್ದ. ಆ ಮಾತನ್ನು ಕೇಳಿಯೂ ಸುಮ್ಮನಿದ್ದೆನಲ್ಲ ಎಂದು ಓಡುತ್ತಲೇ ಅಕ್ಕ ತನ್ನನ್ನು ತಾನೇ ಶಪಿಸಿಕೊಂಡಳು.

ಬಾಗಿಲು ತಳ್ಳಿದರೆ ಒಳಗೆಲ್ಲ ಮಂಜು ಕವಿದಂತೆ ಹನಿಗಳು. ನಡುವೆ ತಮ್ಮನು ಪ್ಯಾಂಟು ಮೊಣಕಾಲಿಗೆ ಮಡಚಿ, ಮುಖವಾಡವೂ ಇಲ್ಲದೆ ನಿಂತಿದ್ದ.

"ನಿಲ್ಸೋ! ಸಾಯ್ಬೇಕು ಅಂತಿದ್ದೀಯಾ?"

ಪಂಪಿನ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ. ಅಕ್ಕ ನುಗ್ಗಿ ಕೊಳವೆಯನ್ನು ಕಿತ್ತುಕೊಳ್ಳಹೋದಳು. ಅವನು ಬೆಚ್ಚಿ ತಿರುಗಿದ. ಚಿಮ್ಮಿದ್ದೆಲ್ಲ ನೇರ ಅವಳ ಮುಖಕ್ಕೆ ಬಡಿದು ಬಾಯೊಳಕ್ಕೂ ಹೋಯಿತು. ಉಗುಳಿದಳು, ಮತ್ತೆ ಮತ್ತೆ ಉಗುಳಿದಳು. ಆಮೇಲೆ ಗೊತ್ತಾಯಿತು: ವಾಸನೆ ಇಲ್ಲ, ಉರಿ ಇಲ್ಲ. ತಣ್ಣಗಿದೆ.

"ನೀರಕ್ಕಾ! ಬರೀ ನೀರು!" ಅವನು ಪಂಪು ಆರಿಸಿದ.

"ಆ ಪಂಪಲ್ಲಿ ನೀರು ಹೊಡೆದ್ರೂ ವಿಷಾನೇ ಕಣೋ!"

"ಅಷ್ಟೂ ಗೊತ್ತಾಗಲ್ವಾ ನಂಗೆ? ಸದ್ದು ಒಂದೇ ಥರ, ಆದ್ರೆ ಇದು ಗ್ಯಾರೇಜಿನವನ ಪಂಪು. ಕಾರು ತೊಳೆಯೋದು. ಬೆಳಿಗ್ಗೆ ಹೋಗಿ ಇಸ್ಕೊಂಡು ಬಂದೆ. ಎಲೆಗೂ ಹೊಡೀತಿಲ್ಲ, ನೋಡು, ಬರೀ ನೆಲ ನೆನೆಸ್ತಿದ್ದೀನಿ."

ಅಕ್ಕ ನೋಡಿದಳು. ದಾರಿಯುದ್ದಕ್ಕೂ ಸಿಮೆಂಟು ನೆನೆದು ಕಪ್ಪಗಾಗಿತ್ತು.

"ಬಾಟಲಿ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ," ಅವನು ಕತ್ತಿನ ಹಿಂದೆ ಕೆರೆದುಕೊಂಡ. "ನುಸಿ ಸಾಕೋ ಹೆಂಗಸು ಎತ್ತಿದ್ರು. ನಿಮ್ಮ ನುಸಿಗಳು ಸೋಮಾರಿಗಳು, ಕಾಸಿನ ಕೆಲಸ ಮಾಡ್ತಿಲ್ಲ ಅಂತ ಚೆನ್ನಾಗಿ ಉಗೀಬೇಕು ಅಂತಿದ್ದೆ. ಅವರು 'ಒಳಗೆ ನಿಂತ್ರೆ ತುಟಿ ಒಡೆಯುತ್ತಾ?' ಅಂದ್ರು. ಒಡೆಯುತ್ತೆ ಅಂದೆ. 'ಮತ್ತೆ ನಮ್ಮ ನುಸಿ ಮೊಟ್ಟೆ ಒಣಗದೆ ಇರುತ್ತೇನ್ರೀ?' ಅಂತ ನಂಗೇ ಬೈದ್ರು. ಸೆಕೆ ಎಷ್ಟಿದ್ರೂ ಇವಕ್ಕೆ ಸುಖವಂತೆ, ಒಣಗಾಳಿ ಮಾತ್ರ ಆಗಲ್ವಂತೆ. ಒಣಗಿದಷ್ಟೂ ಜೇಡನುಸಿಗೇ ಮಜಾ. ನೆಲ ನೆನೆಸಿದ್ರೆ ಗಾಳಿ ತೇವ ಆಗುತ್ತಂತೆ."

"ನಂಗೊಂದು ಮಾತು ಹೇಳೋಕೇನಾಗಿತ್ತು?"

"ಏನಂತ? ಬೈಯೋಕೆ ಹೋಗಿ ಬೈಸ್ಕೊಂಡು ಬಂದೆ ಅಂತಾನಾ?"

ಅಕ್ಕ ಅವನ ಒದ್ದೆ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಆಮೇಲೆ ನೀರಿನಲ್ಲೇ ಕುಕ್ಕರಿಸಿ, ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದಳು. ತಮ್ಮ ಕೊಳವೆ ಕೆಳಗಿಟ್ಟ. "ಏಳಕ್ಕಾ, ನೆಗಡಿ ಆಗುತ್ತೆ," ಎಂದ.

ಅಂದಿನಿಂದ ನೆಲ ನೆನೆಸುವುದು ಅವನದೇ ಕೆಲಸವಾಯಿತು. ಬಿಸಿಲೇರಿದರೆ ಯಾರ ಮಾತಿಗೂ ಕಾಯುತ್ತಿರಲಿಲ್ಲ. ಹೆಂಡತಿ ಹೊಲಿಗೆಗೆಂದು ಇಟ್ಟುಕೊಂಡಿದ್ದ ಭೂತಗನ್ನಡಿ ಅವನ ಜೇಬು ಸೇರಿತು. ಒಂದು ಮಧ್ಯಾಹ್ನ ಸಾಲಿನ ಕೊನೆಯಿಂದ ಕೂಗು ಬಂತು.

"ಅಕ್ಕಾ, ಬಾ ಬೇಗ! ಮೆತ್ತಗೆ ಬಾ, ಎಲೆ ಅಲ್ಲಾಡಿಸ್ಬೇಡ!"

ಅವಳು ಬಾಗಿ ಭೂತಗನ್ನಡಿಗೆ ಕಣ್ಣಿಟ್ಟಳು. ಎಲೆಯ ಅಡಿಯಲ್ಲಿ, ನರದ ಪಕ್ಕಕ್ಕೆ, ನೀರಹನಿಯಂತೆ ಹೊಳೆಯುವ ಒಂದು ಜೀವ ತನ್ನಷ್ಟೇ ದಪ್ಪದ ಜೇಡನುಸಿಯನ್ನು ಅವುಚಿ ಹಿಡಿದಿತ್ತು. ಹಿಡಿತಕ್ಕೆ ಸಿಕ್ಕಿದ್ದು ಕಾಲಾಡಿಸಿತು, ಆಮೇಲೆ ಆಡಿಸಲಿಲ್ಲ.

"ಹೆಂಗೆ ಹೀರ್ತಿದೆ ನೋಡು," ತಮ್ಮ ಪಿಸುಗುಟ್ಟಿದ. "ನಮ್ದು ಅದು."

ನಮ್ಮದು ಎಂದಿದ್ದು ಅಕ್ಕನಿಗೆ ಕೇಳಿಸಿತು.

ಹಳೆಯ ಎಲೆಗಳು ಹಳದಿಯಾಗಿಯೇ ಉಳಿದವು. ಅವುಗಳ ಮೇಲೆ ಬಂದ ಹೊಸ ಎಲೆಗಳಲ್ಲಿ ಮಾತ್ರ ಹುಡುಕಿದರೂ ಚುಕ್ಕೆಯಿರಲಿಲ್ಲ. ಅಂಥ ಒಂದು ದಿನ ತಮ್ಮನ ಹೆಂಡತಿ ಊಟ ತಂದಾಗ, ಅಕ್ಕ ತುಟಿಗೆ ಬೆರಳಿಟ್ಟು ಒಳಗೆ ತೋರಿಸಿದಳು. ಅವನು ಸಾಲುಗಳ ನಡುವೆ ಖಾಲಿ ಚೀಲ ಹಾಸಿಕೊಂಡು, ಅರೆಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಸೌತೆಬಳ್ಳಿಯ ಎಳೆಯ ಕುಡಿಯೊಂದು ಕಟ್ಟಿದ ದಾರ ಬಿಟ್ಟು ಕೆಳಗಿಳಿದು ಅವನ ಅಂಗಿಯ ಗುಂಡಿಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಹೆಂಡತಿ ಬುತ್ತಿ ಕೆಳಗಿಟ್ಟು, ಅದನ್ನು ಬಿಡಿಸಲು ಕೈ ಚಾಚಿದಳು. ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡು ಅವನ ಪಕ್ಕದಲ್ಲೇ ಚೀಲದ ಅಂಚಿನ ಮೇಲೆ ಕೂತಳು.